ಗೊಂದಲಿಗರ ಮೇಳ (ಬಾಗಲಕೋಟೆ ಸೀಮೆ)

ಅಂಬಾಭವಾನಿಯ ಹೆಸರಿನಲ್ಲಿ ದೀವಟಿಗೆ ಹೊತ್ತಿಸಿ, ಸಂಬಾಳ ಬಾರಿಸುತ್ತ, ರಾತ್ರಿಯಿಡೀ ಹಾಡಿ ಕುಣಿದು ಕಥೆ ಹೇಳುವ ಗೊಂದಲಿಗ ಸಮುದಾಯದ ಆರಾಧನಾ ಕಲೆ ಗೊಂದಲ. ಮಹಾರಾಷ್ಟ್ರದ ತುಳಜಾಪುರದ ಭವಾನಿ, ಮಾಹೂರಿನ ರೇಣುಕೆ ಈ ಜನರ ಮೂಲ ದೈವಗಳು. ಕೃಷ್ಣೆ, ಘಟಪ್ರಭೆ, ಮಲಪ್ರಭೆಯರ ಬಯಲಿಗೆ ಬಂದು ನೆಲೆಸಿದ ಮನೆತನಗಳು ಮನೆಯೊಳಗೆ ಮರಾಠಿಯನ್ನು ಉಳಿಸಿಕೊಂಡರೂ ಅಂಗಳದಲ್ಲಿ ಕನ್ನಡದಲ್ಲಿ ಹಾಡಿದವು. ಈ ಸೀಮೆಯಲ್ಲಿ ಕಲೆ ಬಾಳಿದ್ದು ಹಾಗೆ.

ಹಳೆಯ ಉಲ್ಲೇಖಗಳಲ್ಲಿ ಒಂದು ಕನ್ನಡ ನಾಡಿಗೇ ಸೇರಿದ್ದು. ಕಾಕತೀಯರ ಸೇನಾನಿ ಜಾಯಪ 13ನೆಯ ಶತಮಾನದಲ್ಲಿ ಬರೆದ ‘ನೃತ್ತರತ್ನಾವಳಿ’ಯ ಪ್ರಕಾರ, ಕಲ್ಯಾಣದಲ್ಲಿ ಭೂತಮಾತೃ ಉತ್ಸವದ ಹೊತ್ತಿಗೆ ಭಿಲ್ಲ ವೇಷದ ಹೆಣ್ಣೊಬ್ಬಳ ಕುಣಿತ ಕಂಡು ಮೆಚ್ಚಿದ ಚಾಲುಕ್ಯ ದೊರೆ ಸೋಮೇಶ್ವರ ಅದಕ್ಕೆ ಗೊಂಡಲಿ ಎಂದು ಹೆಸರಿಟ್ಟನಂತೆ. ಇಂದಿನ ಗೊಂದಲದ ಬೇರು ಇದೇ ಎಂದು ಹೇಳುವವರಿದ್ದಾರೆ. ಆದರೆ ಅದು ಒಬ್ಬ ಹೆಣ್ಣಿನ ಕುಣಿತ, ಇದು ಗಂಡಸರ ಮೇಳ. ಹೆಸರಿನ ಹೋಲಿಕೆಯೊಂದನ್ನೇ ನೆಚ್ಚಿ ಎರಡನ್ನೂ ಒಂದೇ ಎನ್ನುವುದು ಅವಸರವಾದೀತು. 16ನೆಯ ಶತಮಾನದ ಸಂತ ಏಕನಾಥರು ಗೊಂದಲದ ಧಾಟಿಯಲ್ಲಿ ಪದ ಕಟ್ಟಿದ್ದಾರೆಂದ ಮೇಲೆ, ಆ ಹೊತ್ತಿಗೆ ಅದು ಮಹಾರಾಷ್ಟ್ರದ ಮನೆಮಾತಾಗಿತ್ತು ಎಂದಂತೂ ಧಾರಾಳವಾಗಿ ಹೇಳಬಹುದು. 1901ರ ಮೈಸೂರು ಜನಗಣತಿ ವರದಿ ಗೊಂದಲಿಗರನ್ನು ಮರಾಠಾ ಮೂಲದ ಭಿಕ್ಷುಕರೆಂದು ಬರೆದುಕೊಂಡಿತು. ಮದುವೆಯಾದ ಮೇಲೆ ದೇಶಸ್ಥ ಬ್ರಾಹ್ಮಣರ ಮನೆಗಳಲ್ಲಿ, ಇಲ್ಲವೆ ಹರಕೆ ತೀರಿಸಲು, ಇವರು ಪಂಜಿನ ಬೆಳಕಿನಲ್ಲಿ ಕುಣಿಯುತ್ತಿದ್ದರೆಂದೂ ಅದರಲ್ಲಿದೆ. ಊರೂರು ಸುತ್ತಿ ಕಥೆ ಹೇಳಿ ಕಾಳುಕಡಿ ಪಡೆಯುವವರನ್ನು ಸರಕಾರಿ ಕಾಗದಗಳು ಭಿಕ್ಷುಕರೆಂದೇ ಬರೆದುಕೊಳ್ಳುತ್ತಿದ್ದ ಕಾಲವದು.

ಗೊಂದಲ ಹಾಕಿಸುವ ಮನೆಯಲ್ಲಿ ಸಂಜೆಗೆ ಮಣೆಯ ಮೇಲೆ ಬಟ್ಟೆ ಹಾಸಿ, ಅಕ್ಕಿ ಇಲ್ಲವೆ ಜೋಳ ಹರಡಿ, ವೀಳ್ಯದೆಲೆ ತೆಂಗಿನಕಾಯಿಯ ಕಳಸ ಇಡುತ್ತಾರೆ. ಸುತ್ತ ಕಬ್ಬಿನ ಜಲ್ಲೆಗಳನ್ನು ನಿಲ್ಲಿಸಿ ತುದಿಗಳನ್ನು ಕೂಡಿಸಿ ಕಟ್ಟಿದರೆ ದೇವಿಗೆ ಮಂಟಪವಾಯಿತು. ಉಡಿ ತುಂಬಲು ಗುಳೇದಗುಡ್ಡದ ಖಣ, ಕೈ ಬಿಚ್ಚಿ ಖರ್ಚು ಮಾಡುವವರಾದರೆ ಇಳಕಲ್ಲ ಸೀರೆ. ನಿಲುವಂಗಿ ತೊಟ್ಟು, ರುಮಾಲು ಸುತ್ತಿ, ಕೊರಳಿಗೆ ಕವಡೆಸರ, ಕಾಲಿಗೆ ಗೆಜ್ಜೆ ಕಟ್ಟಿದ ನಾಯಕ ಎಣ್ಣೆಯ ದೀವಟಿಗೆ ಹೊತ್ತಿಸಿ ಊರೂರ ದೇವರುಗಳನ್ನು ಹೆಸರು ಹಿಡಿದು ಗೊಂದಲಕ್ಕೆ ಕರೆಯುತ್ತಾನೆ. ತುಳಜಾಪುರದಿಂದ ಹೊರಟ ಕರೆ ಈ ಕಡೆ ಸವದತ್ತಿ ಎಲ್ಲಮ್ಮ, ಬಾದಾಮಿ ಬನಶಂಕರಿಯವರೆಗೂ ಬರಬಹುದು. ಪರನಾಡಿನ ದೇವತೆಯ ಪೂಜೆಗೆ ನೆಲದ ದೇವತೆಯರು ಸೇರುವುದು ಇಲ್ಲಿ. ಜೋಡಿ ಚರ್ಮವಾದ್ಯವಾದ ಸಂಬಾಳವನ್ನು ಸೊಂಟಕ್ಕೆ ಕಟ್ಟಿಕೊಂಡು ಕೋಲಿನಿಂದ ಬಾರಿಸುತ್ತಾರೆ. ಒಂಟಿ ತಂತಿಯ ತುಂತುಣಿ ಶ್ರುತಿ ಹಿಡಿದರೆ ತಾಳ ಜೊತೆಗೂಡುತ್ತದೆ. ನಡುರಾತ್ರಿಯ ಹೊತ್ತಿಗೆ ಸ್ತುತಿ ಮುಗಿದು ಕಥೆ ಮೊದಲಾಗುತ್ತದೆ. ನಾಯಕ ಹರಿಶ್ಚಂದ್ರನಂಥವರ ಕಥೆ ಎತ್ತಿಕೊಂಡರೆ, ಹಿಮ್ಮೇಳದವನು ನಡುನಡುವೆ ಬಾಯಿ ಹಾಕಿ, ಅಡ್ಡ ಪ್ರಶ್ನೆ ಕೇಳಿ, ನಿದ್ದೆಗಣ್ಣಿನವರನ್ನು ನಗಿಸಿ ಎಬ್ಬಿಸುತ್ತಾನೆ. ಆರತಿ ಆಗುವಾಗ ಬೆಳಕು ಹರಿದಿರುತ್ತದೆ.

1997ರಲ್ಲಿ ವಿಜಾಪುರದಿಂದ ಬೇರೆಯಾದ ಬಾಗಲಕೋಟೆ ಜಿಲ್ಲೆಯಲ್ಲಿ ಈ ಕಲೆಗೆ ಕಷ್ಟ ಬಂದದ್ದು ಎರಡು ದಿಕ್ಕಿನಿಂದ. ಆಲಮಟ್ಟಿ ಹಿನ್ನೀರಿಗೆ ಹಳೆಯ ಬಾಗಲಕೋಟೆಯ ದೊಡ್ಡ ಭಾಗ ಮುಳುಗಡೆಯಾಗಿ ಜನ ನವನಗರಕ್ಕೆ ಹೋದರು. ಅಳತೆಯ ನಿವೇಶನದಲ್ಲಿ ಕಟ್ಟಿದ ಮನೆಗೆ ರಾತ್ರಿಯಿಡೀ ಮೇಳ ಕುಣಿಯುವಷ್ಟು ಅಂಗಳ ಎಲ್ಲಿ? ಇನ್ನೊಂದು ಹೊಟ್ಟೆಪಾಡು. ಹಳೆ ಬಟ್ಟೆಗೆ ಪಾತ್ರೆ ಕೊಡುವ ವ್ಯಾಪಾರಕ್ಕೆ ಹಲವು ಮನೆತನಗಳು ಇಳಿದವು. ಓದಿದ ಮಕ್ಕಳು ನೌಕರಿ ಹುಡುಕಿದರು.

ಈ ಹೊತ್ತಿನಲ್ಲಿ ಕಲೆಯನ್ನು ಹಿಡಿದು ನಿಲ್ಲಿಸಿದವರಲ್ಲಿ ಮುಖ್ಯರು ಬಾಗಲಕೋಟೆಯ ವೆಂಕಪ್ಪ ಅಂಬಾಜಿ ಸುಗತೇಕರ. ಸಾವಿರಕ್ಕೂ ಮಿಕ್ಕಿ ಗೊಂದಲಿ ಪದ ಹಾಡಿದ, ನೂರಾರು ಮಂದಿಗೆ ಬಿಡಿಗಾಸು ತೆಗೆದುಕೊಳ್ಳದೆ ಕಲಿಸಿದ ಇವರ ಹೆಸರನ್ನು ಪ್ರಧಾನಿ 2024ರ ಫೆಬ್ರುವರಿಯಲ್ಲಿ ‘ಮನ್ ಕೀ ಬಾತ್’ನಲ್ಲಿ ಎತ್ತಿದರು, 2025ರಲ್ಲಿ ಪದ್ಮಶ್ರೀ ಬಂತು. ಪ್ರಶಸ್ತಿಗಿಂತ ಕಲಿಸಿದ್ದೇ ದೊಡ್ಡದು. ಅಪ್ಪನಿಂದ ಮಗನಿಗೆ ಬರುತ್ತಿದ್ದ ವಿದ್ಯೆ ಕಲಿಯಲು ಬಂದವರಿಗೆಲ್ಲ ಸಿಗುವಂತಾಯಿತು.

ಈಗ ಮೇಳಗಳಿಗೆ ಹೆಚ್ಚಾಗಿ ಸಿಗುವುದು ಉತ್ಸವ, ಜಾನಪದ ಜಾತ್ರೆಗಳ ವೇದಿಕೆ. ಕೊಟ್ಟ ಕಡಿಮೆ ಹೊತ್ತಿನಲ್ಲಿ ದೇವಿಯ ಪದ, ಸಂಬಾಳದ ನಡೆ, ಗೆಜ್ಜೆಯ ಹೆಜ್ಜೆ ಎಲ್ಲವೂ ಬರುತ್ತವೆ, ಕಥೆ ಬರುವುದಿಲ್ಲ. ಪದಗಳನ್ನು ಮೊಬೈಲಿನಲ್ಲಿ ಹಿಡಿದಿಟ್ಟುಕೊಂಡು ಕಲಿಯಬಹುದು. ಹಿಮ್ಮೇಳದವನ ಅಡ್ಡ ಪ್ರಶ್ನೆಗೆ ಆ ಕ್ಷಣಕ್ಕೇ ಉತ್ತರ ಹುಟ್ಟಿಸುವುದನ್ನು ಕಲಿಯಲು ಇಡೀ ರಾತ್ರಿಯ ಗೊಂದಲಗಳೇ ಬೇಕು, ಅವನ್ನು ಹಾಕಿಸುವ ಮನೆಗಳೂ ಬೇಕು.