ನೀರಿನಲ್ಲಿ ಜಾರುವ ಚಿತ್ರಗಳು

ಬಂಟ್ವಾಳ ಪೇಟೆಯ ನಮ್ಮ ಹಳೆಯ ಮನೆಯಲ್ಲಿದ್ದ ಅಜ್ಜಿಯ ಸಿಂಗರ್ ಹೊಲಿಗೆ ಯಂತ್ರ ಈಗ ಬೆಳ್ತಂಗಡಿಯಲ್ಲಿ ನನ್ನ ತಾಯಿಯವರ ಬಳಿ ಇದೆ. ಅದರ ಕಪ್ಪು ಮೈಮೇಲೆ ರೆಕ್ಕೆಯುಳ್ಳ ಬಂಗಾರ ಬಣ್ಣದ ಸ್ಫಿಂಕ್ಸ್ ಚಿತ್ರಗಳಿದ್ದವು. 1974ರ ನೇತ್ರಾವತಿಯ ನೆರೆಯಲ್ಲಿ ಕೆಸರು ಹೊಕ್ಕು ಮೇಲ್ಭಾಗದ ಚಿತ್ರ ಅಳಿಸಿಹೋಯಿತು. ಕೆಳಗಿನ ಹಾಸಿನ ಚಿತ್ರ ಉಳಿದಿದೆಯಾದರೂ ಅಜ್ಜಿಯ ಅಂಗೈ ತಾಗುತ್ತಿದ್ದಲ್ಲಿ ಸವೆದಿದೆ.

ಈ ಚಿತ್ರಗಳನ್ನು ಕೈಯಿಂದ ಬರೆದವೆಂದೇ ನಾನು ಬಹುಕಾಲ ನಂಬಿದ್ದೆ. ಮೂಡುಬಿದಿರೆಯ ನನ್ನ ವಿದ್ಯಾರ್ಥಿಯೊಬ್ಬ ಆಕಾಶನೌಕೆಗಳ ಮಾದರಿಗಳನ್ನು ಕಟ್ಟುತ್ತಾನೆ. ಗೇಣುದ್ದದ ನೌಕೆಯ ಮೇಲೆ ಅಂಕಿ, ಗೆರೆ, ಎಚ್ಚರಿಕೆಯ ಬರಹಗಳು ನೂರಾರು. ಬೆರಗಿನಿಂದ ಕೇಳಿದೆ. “ಬರೆದದ್ದಲ್ಲ ಸರ್, ನೀರಿನಲ್ಲಿ ನೆನೆಸಿ ಜಾರಿಸಿದ್ದು” ಎಂದ. ಡೆಕಾಲ್ ಎಂದು ಅದರ ಹೆಸರು. ಅಜ್ಜಿಯ ಸ್ಫಿಂಕ್ಸ್ ಕೂಡ ಅದೇ ಜಾತಿಯದು!

ಈ ವಿದ್ಯೆಗೆ ಎರಡೂವರೆ ಶತಮಾನ ಮೀರಿದ ಇತಿಹಾಸವಿದೆ. 1756ರಲ್ಲಿ ಲಿವರ್‌ಪೂಲಿನ ಸ್ಯಾಡ್ಲರ್ ಮತ್ತು ಗ್ರೀನ್ ಎಂಬವರು ಚಿತ್ರವನ್ನು ಕಾಗದದಿಂದ ಪಿಂಗಾಣಿ ಬಿಲ್ಲೆಗೆ ಇಳಿಸುವ ಕ್ರಮದಿಂದ ಆರು ಗಂಟೆಯಲ್ಲಿ 1200ಕ್ಕೂ ಹೆಚ್ಚು ಬಿಲ್ಲೆಗಳನ್ನು ಚಿತ್ರಿಸಿದುದಾಗಿ ಪ್ರಮಾಣ ಮಾಡಿ ಹೇಳಿದರು. 1860ರ ದಶಕದಲ್ಲಿ ಇದು ಇಂಗ್ಲೆಂಡಿನ ಮನೆಮನೆಯ ಗೀಳಾಯಿತು. ಬಳಿಕ ಯಂತ್ರಗಳ ಮೈಗೂ, ಆಟದ ಮಾದರಿಗಳಿಗೂ ಬಂತು.

ಕೆಲಸ ಸುಲಭವೆಂದು ವಾಚಕರು ತಿಳಿಯಬಾರದು. ಮೈ ಒರಟಾಗಿದ್ದರೆ ಚಿತ್ರದಡಿ ಗಾಳಿ ಸಿಕ್ಕಿ ಬಿಳಿಚಿಕೊಳ್ಳುತ್ತದೆ. ಆದುದರಿಂದ ಮೊದಲು ಹೊಳಪಿನ ವಾರ್ನಿಷು. ಬಾಗಿದ ಕಡೆ ಚಿತ್ರವನ್ನು ಮೆದುಗೊಳಿಸುವ ದ್ರಾವಣ. ಒಂದು ಮಗ್ಗುಲು ಒಣಗುವ ತನಕ ಇನ್ನೊಂದನ್ನು ಮುಟ್ಟುವಂತಿಲ್ಲ. ಕೊನೆಗೆ ಎಲ್ಲವನ್ನೂ ಮುಚ್ಚುವ ಇನ್ನೊಂದು ಲೇಪ. ನೂರಾರು ತುಣುಕುಗಳಿದ್ದರೆ ವಾರಗಟ್ಟಲೆ ತಾಳ್ಮೆ ಬೇಕು.

“ಹಳೆಯ ಯಂತ್ರಗಳಿಗೂ ಹೊಸ ಡೆಕಾಲ್ ಸಿಗುತ್ತದೆ. ಎಲ್ಲ ಕೆರೆದು ಹೊಸತು ಅಂಟಿಸುವ ಸರ್” ಎಂದ ಹುಡುಗ. ನನಗೂ ಆಸೆಯಾಯಿತು. ಆಗ ಅವನೇ ಹೇಳಿದ ಕಥೆಯೊಂದು ನನ್ನನ್ನು ತಡೆಯಿತು. ‘ಸ್ಟಾರ್ ಟ್ರೆಕ್’ ದೂರದರ್ಶನ ಮಾಲೆಗಾಗಿ 1964ರಲ್ಲಿ ಕಟ್ಟಿದ ಹನ್ನೊಂದು ಅಡಿಯ ‘ಎಂಟರ್‌ಪ್ರೈಸ್’ ನೌಕೆಯ ಮಾದರಿ 1974ರಲ್ಲಿ, ಅಂದರೆ ನಮ್ಮ ಯಂತ್ರ ಕೆಸರಿನಲ್ಲಿ ಹೂತ ವರ್ಷವೇ, ಅಮೆರಿಕದ ಸ್ಮಿತ್‌ಸೋನಿಯನ್ ಸಂಸ್ಥೆಗೆ ಸೇರಿತು. ಹಲವು ಸಲ ದುರಸ್ತಿ ಕಂಡ ಅದನ್ನು 2016ರಲ್ಲಿ ಹೊಸದಾಗಿ ಪ್ರದರ್ಶನಕ್ಕಿಟ್ಟಾಗ, ತಟ್ಟೆಯಾಕಾರದ ಭಾಗದ ಮೇಲ್ಮೈಯಲ್ಲಿ ಉಳಿದಿದ್ದ 1964ರ ಬಣ್ಣವನ್ನು ಹಾಗೆಯೇ ಕಾಪಾಡಿ, ಮಿಕ್ಕುದನ್ನು ಹಳೆಯ ರೂಪಕ್ಕೆ ಹೊಂದಿಸಿ ಬರೆದಿದ್ದರು.

ತಾಯಿಯವರನ್ನು ಕೇಳಿದೆ. ಅವರಿಗೆ ವಾಷಿಂಗ್ಟನ್ನಿನ ಕಥೆ ಗೊತ್ತಿರಲಿಲ್ಲ. “ನೆರೆಯಲ್ಲಿ ಹೋದಲ್ಲಿಗೆ ಹೊಸತು ಹಾಕಲಿ. ಅಮ್ಮನ ಕೈ ತಾಗಿ ಸವೆದಲ್ಲಿ ಮುಟ್ಟುವುದು ಬೇಡ” ಎಂದರು.

ತಾಳೆಯೋಲೆ ಗ್ರಂಥಗಳನ್ನು ಸಂಪಾದಿಸುವವರ ನಿಯಮವೂ ಇದೇ ಅಲ್ಲವೆ? ಹುಳು ತಿಂದ ಅಕ್ಷರವನ್ನು ಊಹಿಸಿ ಕಂಸದಲ್ಲಿ ತುಂಬಬಹುದು. ಉಳಿದ ಅಕ್ಷರವನ್ನು ತಿದ್ದಿ ಬರೆಯುವ ಅಧಿಕಾರ ಯಾರಿಗೂ ಇಲ್ಲ. ಅದನ್ನು ತರಗತಿಯಲ್ಲಿ ವರ್ಷ ವರ್ಷವೂ ಹೇಳುವ ನಾನೇ ಅಜ್ಜಿಯ ಕೈಗುರುತನ್ನು ಕೆರೆಯಲು ಹೊರಟಿದ್ದೆ.

ಹುಡುಗ ರಜೆಯಲ್ಲಿ ಬಂದು ಮೇಲಿನ ಸ್ಫಿಂಕ್ಸನ್ನು ಅಂಟಿಸಿದ. ಹೊಳಪು ತುಸು ಹೆಚ್ಚಾಯಿತೆಂದು ಮಂಕುಗೊಳಿಸಲು ಹೊರಟವನನ್ನು ನಾನು ತಡೆದೆ. ಹೊಸತು ಯಾವುದು, ಹಳೆಯದು ಯಾವುದು ಎಂಬುದು ಮುಂದೆ ನೋಡುವವರಿಗೆ ತಿಳಿಯಲಿ.