ಸತ್ತವರು ಮಾತಾಡದ ಪಾತಾಳ: ಮುಧೋಳದ ರನ್ನನ ‘ಗದಾಯುದ್ಧ’ವನ್ನು ಕುರಿತು

ರನ್ನನ ‘ಸಾಹಸಭೀಮವಿಜಯ’ವನ್ನು, ಅಂದರೆ ‘ಗದಾಯುದ್ಧ’ವನ್ನು, ವೀರಕಾವ್ಯವಾಗಿ ಓದುತ್ತೇವೆ, ನಾಟಕೀಯತೆಗಾಗಿ ಮೆಚ್ಚುತ್ತೇವೆ, ದುರ್ಯೋಧನನ ದುರಂತಕ್ಕಾಗಿ ಮರುಗುತ್ತೇವೆ. ಅಧೋಲೋಕದ ಕಾವ್ಯವಾಗಿ ಓದುವ ವಾಡಿಕೆ ಮಾತ್ರ ನಮ್ಮಲ್ಲಿಲ್ಲ. ಅದಕ್ಕೆ ಕಾರಣ ಮೇಲ್ನೋಟಕ್ಕೇ ಇದೆ. ಇಲ್ಲಿ ವೈತರಣಿ ಹರಿಯುವುದಿಲ್ಲ, ಯಮನ ಆಸ್ಥಾನ ತೆರೆಯುವುದಿಲ್ಲ, ನೆಲ ಬಿರಿದು ಯಾರೂ ಕೆಳಗಿಳಿಯುವುದಿಲ್ಲ. ಆದರೂ ಬದುಕಿರುವವನೊಬ್ಬ ಸತ್ತವರ ನಡುವೆ ನಡೆದು, ಕೊನೆಗೆ ತಾನೂ ಲೋಕದ ಕಣ್ಣಿಗೆ ಮರೆಯಾಗುವ ಕಥೆ ಕನ್ನಡದಲ್ಲಿ ಪೂರ್ಣರೂಪ ಪಡೆದದ್ದು ಈ ಕಾವ್ಯದಲ್ಲೇ ಎಂಬುದು ನನ್ನ ವಾದ. ರನ್ನ ಪಾತಾಳವನ್ನು ಬಿಟ್ಟುಬಿಡಲಿಲ್ಲ. ಅದನ್ನು ನೆಲದ ಮೇಲಕ್ಕೆ ತಂದ. ತಂದು, ಅಲ್ಲಿನ ಸತ್ತವರ ಬಾಯಿ ಮುಚ್ಚಿಸಿದ.

ಕವಿ ತನ್ನ ಊರನ್ನು ಗುರುತಿಸಿಕೊಂಡ ಬಗೆ ಮುಧೋಳ ಭಾಗದ ಓದುಗರಿಗೆ ಹತ್ತಿರದ್ದು. ಬೆಳುಗಲಿ ಐನೂರರೊಳಗಿನ ಜಂಬುಖಂಡಿ ಎಪ್ಪತ್ತರ ಮುದುವೊಳಲು ಅವನ ಹುಟ್ಟೂರು. ಮುದುವೊಳಲು ಇಂದಿನ ಮುಧೋಳ, ಜಂಬುಖಂಡಿ ಇಂದಿನ ಜಮಖಂಡಿ. ಹುಟ್ಟಿದ್ದು 949ರಲ್ಲಿ, ಬಳೆಗಾರರ ಮನೆಯಲ್ಲಿ. ತಂದೆ ಜಿನವಲ್ಲಭ, ತಾಯಿ ಅಬ್ಬಲಬ್ಬೆ, ಗುರು ಅಜಿತಸೇನಾಚಾರ್ಯ. ಚಾಲುಕ್ಯ ತೈಲಪನಿಂದ ‘ಕವಿಚಕ್ರವರ್ತಿ’ ಎನಿಸಿಕೊಂಡ ಈತ ತೈಲಪನ ಮಗ ಸತ್ಯಾಶ್ರಯ ಇರಿವಬೆಡಂಗನನ್ನು ಭೀಮನೊಡನೆ ಸಮೀಕರಿಸಿ ಗದಾಯುದ್ಧವನ್ನು ಬರೆದ. ಅತ್ತಿಮಬ್ಬೆಯ ಆಶ್ರಯದಲ್ಲಿ 993ರಲ್ಲಿ ‘ಅಜಿತಪುರಾಣ’ವನ್ನು ಮುಗಿಸಿದ. ಒಂದು ಲೌಕಿಕ, ಇನ್ನೊಂದು ಆಗಮಿಕ. ಈ ಎರಡನ್ನೂ ಬರೆದ ಕೈ ಒಂದೇ ಎಂಬುದನ್ನು ಮರೆತರೆ ಮುಂದಿನ ವಾದ ನಿಲ್ಲುವುದಿಲ್ಲ.

ಮೊದಲು ಮಾತುಗಳನ್ನು ಬಿಡಿಸಿಕೊಳ್ಳಬೇಕು. ಪಾತಾಳ ಬೇರೆ, ನರಕ ಬೇರೆ. ಪುರಾಣಗಳ ಏಳು ಕೆಳಲೋಕಗಳು ಶಿಕ್ಷೆಯ ಸ್ಥಳಗಳಲ್ಲ. ನಾಗರು, ದೈತ್ಯರು, ದಾನವರು ಬಾಳುವ ಸಿರಿವಂತ ನಾಡುಗಳು. ಪಾತಾಳಕ್ಕೆ ಹೋಗಿಬಂದ ನಾರದ ಅದು ಇಂದ್ರನ ಸ್ವರ್ಗಕ್ಕಿಂತ ಚೆಲುವಾದದ್ದೆಂದು ದೇವಸಭೆಯಲ್ಲಿ ಹೊಗಳಿದನೆಂದು ವಿಷ್ಣುಪುರಾಣ ಹೇಳುತ್ತದೆ. ನರಕ ಪಾಪದ ಫಲ ಉಣ್ಣುವ ಜಾಗ. ಜೈನರ ಅಧೋಲೋಕದಲ್ಲಿ ರತ್ನಪ್ರಭೆಯಿಂದ ಮಹಾತಮಃಪ್ರಭೆಯವರೆಗೆ ಏಳು ಭೂಮಿಗಳು ಒಂದರ ಕೆಳಗೊಂದು ಇದ್ದು, ಇಳಿದಷ್ಟೂ ಕತ್ತಲೆ, ಇಳಿದಷ್ಟೂ ನೋವು. ಗ್ರೀಕರ ಹೇಡೀಸ್ ಈ ಎರಡೂ ಅಲ್ಲ. ಅಲ್ಲಿ ಒಳ್ಳೆಯವರೂ ಕೆಟ್ಟವರೂ ನೆರಳುಗಳಾಗಿ ಉಳಿದಿರುತ್ತಾರೆ, ತಮ್ಮ ಹೆಸರು, ನೆನಪು, ಸಿಟ್ಟುಗಳ ಸಮೇತ.

ಈ ಉಳಿಯುವಿಕೆಯೇ ಪಶ್ಚಿಮದ ಕಥನಕ್ಕೆ ಒಂದು ಪ್ರಬಲವಾದ ಸನ್ನಿವೇಶವನ್ನು ಕೊಟ್ಟಿತು. ಹೋಮರನ ‘ಒಡಿಸ್ಸಿ’ಯ 11ನೆಯ ಪರ್ವದಲ್ಲಿ ಒಡಿಸ್ಸಿಯಸ್ ಗುಣಿ ತೋಡಿ ಕುರಿಯ ನೆತ್ತರು ಸುರಿಯುತ್ತಾನೆ. ಆ ನೆತ್ತರು ಕುಡಿದ ನೆರಳುಗಳಿಗೆ ಮಾತು ಬರುತ್ತದೆ. ಟೈರೀಸಿಯಸ್ ಮುಂದಿನ ದಾರಿ ಹೇಳುತ್ತಾನೆ, ಸತ್ತ ತಾಯಿ ಮನೆಯ ಸುದ್ದಿ ಹೇಳುತ್ತಾಳೆ. ಮಗ ಮೂರು ಸಲ ಅಪ್ಪಿಕೊಳ್ಳಹೋದರೆ ಮೂರು ಸಲವೂ ತೋಳಿಗೆ ಗಾಳಿಯೇ ಸಿಗುತ್ತದೆ. ಏಜಾಕ್ಸ್ ಒಬ್ಬನೇ ಹಳೆಯ ಮುನಿಸು ಬಿಡದೆ, ತುಟಿ ಬಿಚ್ಚದೆ ಹೋಗಿಬಿಡುತ್ತಾನೆ. ವರ್ಜಿಲನ ಈನಿಯಸ್ ಸಿಬಿಲ್ಲಳನ್ನು ಹಿಂಬಾಲಿಸಿ ಕೆಳಗಿಳಿದದ್ದೂ, ಹದಿನಾಲ್ಕನೆಯ ಶತಮಾನದ ಆದಿಯಲ್ಲಿ ಡಾಂಟೆ ಆ ವರ್ಜಿಲನನ್ನೇ ದಾರಿತೋರುಗನನ್ನಾಗಿ ಮಾಡಿಕೊಂಡದ್ದೂ ಇದೇ ಸಾಲಿನವು. ಜೊತೆಗೊಬ್ಬ ದಾರಿ ಬಲ್ಲವನು, ಒಬ್ಬೊಬ್ಬರಾಗಿ ಎದುರಾಗುವ ಸತ್ತವರು, ಕೊನೆಯಲ್ಲಿ ಮುಂದಿನದನ್ನು ತಿಳಿಸುವ ಹಿರಿಯ: ಈ ಮೂರು ಇದ್ದರೆ ಅಧೋಲೋಕಯಾನದ ಚೌಕಟ್ಟು ಕಟ್ಟಿದಂತೆ.

ಈ ಮೂರೂ ರನ್ನನಲ್ಲಿವೆ. ಹದಿನೆಂಟನೆಯ ದಿನ ಸೇನೆಯೆಲ್ಲ ಅಳಿದ ಮೇಲೆ ದುರ್ಯೋಧನ ಶರಶಯ್ಯೆಯ ಭೀಷ್ಮನನ್ನು ಕಾಣಲು ಕುರುಕ್ಷೇತ್ರವನ್ನು ಹಾದು ಹೊರಡುತ್ತಾನೆ. ಜೊತೆಗೆ ಸಂಜಯ. ಹೆಣಗಳ ರಾಶಿ, ನೆತ್ತರ ಹೊನಲು, ಮುರಿದ ರಥಗಳ ನಡುವೆ ಕಾಲಿಡಲು ತಾವಿಲ್ಲ. ಹನ್ನೊಂದು ಅಕ್ಷೌಹಿಣಿಯ ಒಡೆಯ ಸಂಜಯನ ಕೈ ಹಿಡಿದು ತಡವರಿಸುತ್ತಾನೆ. ದ್ರೋಣ, ಅಭಿಮನ್ಯು, ಲಕ್ಷಣಕುಮಾರ, ದುಶ್ಶಾಸನ, ಕರ್ಣ ಎದುರಾಗುತ್ತಾರೆ. ಎದುರಾಗುತ್ತಾರೆ ಎನ್ನುವುದು ತಪ್ಪಾಗಬಹುದು, ಅವರು ಬಿದ್ದಿದ್ದಾರೆ. ದುರ್ಯೋಧನ ಒಬ್ಬೊಬ್ಬರ ಮುಂದೆ ನಿಂತು ಮಾತಾಡುತ್ತಾನೆ. ಶತ್ರುವಿನ ಮಗನಾದ ಅಭಿಮನ್ಯುವಿಗೆ ಕೈಮುಗಿದು, ತನಗೂ ಅಂಥ ಮರಣ ಬರಲೆಂದು ಬೇಡುತ್ತಾನೆ. ಮಗ ತಂದೆಗೆ ಜಲಾಂಜಲಿ ಕೊಡುವುದು ಕ್ರಮ, ಆ ಕ್ರಮವನ್ನು ನೀನು ತಪ್ಪಿಸಿದೆಯಲ್ಲ ಎಂದು ಲಕ್ಷಣಕುಮಾರನನ್ನು ಕೇಳುತ್ತಾನೆ. ತಾಯ ಮೊಲೆಹಾಲಿನಿಂದ ಹಿಡಿದು ಎಲ್ಲದರಲ್ಲಿಯೂ ತನ್ನ ಹಿಂದೆಯೇ ಬಂದ ದುಶ್ಶಾಸನ ಸಾವಿನಲ್ಲಿ ಮಾತ್ರ ಮುಂದಾದನೆಂದು ಹಲುಬುತ್ತಾನೆ. ಕರ್ಣನ ಹುಟ್ಟಿನ ಗುಟ್ಟು ತನಗೆ ತಿಳಿದಿತ್ತೆಂಬುದನ್ನೂ ಅವನ ಹೆಣದ ಮುಂದೆ ಬಾಯಿಬಿಟ್ಟು ಹೇಳುತ್ತಾನೆ.

ಯಾರೂ ಉತ್ತರ ಕೊಡುವುದಿಲ್ಲ. ರನ್ನನ ಸ್ವಂತಿಕೆ ನನಗೆ ಕಾಣುವುದು ಇಲ್ಲಿಯೇ. ಹೋಮರನಲ್ಲಿ ಏಜಾಕ್ಸನ ಮೌನ ಒಂದು ಅಪವಾದ. ರನ್ನನಲ್ಲಿ ಮೌನವೇ ನಿಯಮ. ಗ್ರೀಕ್ ನೆರಳುಗಳಿಗೆ ಮಾತಾಡಲು ಒಂದು ಬೊಗಸೆ ನೆತ್ತರು ಸಾಕು. ಇಲ್ಲಿ ನೆತ್ತರು ಹೊಳೆಯಾಗಿ ಹರಿದರೂ ಒಂದು ತುಟಿ ಅಲುಗುವುದಿಲ್ಲ. ಕಾರಣ ಕವಿಯ ಧರ್ಮದಲ್ಲಿದೆ ಎಂದು ಭಾವಿಸುತ್ತೇನೆ. ಜೈನ ತತ್ತ್ವದ ಪ್ರಕಾರ ದೇಹ ಬಿಟ್ಟ ಜೀವ ಎಲ್ಲಿಯೂ ಕಾದು ಕೂರುವುದಿಲ್ಲ. ತನ್ನ ಕರ್ಮಕ್ಕೆ ತಕ್ಕ ಗತಿಗೆ ಆಗಿಂದಾಗಲೇ ಸಾಗಿಬಿಡುತ್ತದೆ. ಹಾಗಿರುವಾಗ ಸತ್ತ ಕರ್ಣ ಕರ್ಣನಾಗಿ ಎಲ್ಲಿಯೂ ಇಲ್ಲ. ನೆರಳಿಲ್ಲದ ಮೇಲೆ ನೆರಳುಗಳ ನಾಡೆಲ್ಲಿಂದ ಬರಬೇಕು? ಉಳಿದಿರುವುದು ದೇಹ, ಅದರ ಮುಂದೆ ನಿಂತವನ ನೆನಪು. ಲೌಕಿಕ ಕಾವ್ಯದೊಳಗೆ ಆಗಮಿಕನ ಲೋಕದೃಷ್ಟಿ ಎಷ್ಟು ಸದ್ದಿಲ್ಲದೆ ಕೆಲಸ ಮಾಡಿದೆ ಎಂಬುದಕ್ಕೆ ಇದಕ್ಕಿಂತ ಒಳ್ಳೆಯ ನಿದರ್ಶನ ನನಗೆ ತೋರದು. ಮಾತಾಡುವ ಹಿರಿಯ ಒಬ್ಬನಿದ್ದಾನೆ, ಭೀಷ್ಮ. ಅವನು ಸತ್ತವನಲ್ಲ, ಬದುಕಿರುವವರ ಲೆಕ್ಕಕ್ಕೂ ಪೂರ್ತಿ ಸೇರಿದವನಲ್ಲ. ಟೈರೀಸಿಯಸ್ ಮಾಡಿದ ಕೆಲಸವನ್ನು ಅವನು ಮಾಡುತ್ತಾನೆ. ಸಂಧಿ ಮಾಡಿಕೊ ಎನ್ನುತ್ತಾನೆ. ಮೊಮ್ಮಗ ಒಪ್ಪದಿದ್ದಾಗ, ಈ ಒಂದು ದಿನ ವೈಶಂಪಾಯನ ಸರೋವರದಲ್ಲಿ ಕಳೆ ಎಂದು ದಾರಿ ತೋರುತ್ತಾನೆ.

ರಣರಂಗದಲ್ಲಿ ಬಾಯಿ ತೆರೆಯುವ ಇನ್ನೊಂದು ಗುಂಪು ಮರುಳುಗಳದು. ಜೈನ ವಿಂಗಡಣೆಯಲ್ಲಿ ಭೂತ ಪಿಶಾಚಗಳು ವ್ಯಂತರ ದೇವತೆಗಳ ವರ್ಗಕ್ಕೆ ಸೇರಿದವು. ಯುದ್ಧದಲ್ಲಿ ಮಡಿದವರ ಆತ್ಮಗಳಲ್ಲ. ಆದ್ದರಿಂದಲೇ ಅವು ನಿಸ್ಸಂಕೋಚವಾಗಿ ಮಾತಾಡಬಲ್ಲವು. ‘ಮರುಳು’ ಎಂದರೆ ಪಿಶಾಚಿಯೂ ಹೌದು, ಹುಚ್ಚೂ ಹೌದು. ಈ ಎರಡರ್ಥವನ್ನು ಹಿಡಿದು ಅವು ನಿಜವಾದ ಮರುಳು ಯಾರೆಂದು ಅರಸನನ್ನೇ ಹಂಗಿಸುತ್ತವೆ. ಮುರಿಯಲಿರುವ ತೊಡೆಯ ಸುದ್ದಿಯನ್ನೂ ಎತ್ತುತ್ತವೆ.

ತೊಡೆಯ ಮಾತು ಬಂದಾಗ ನಾವು ವ್ಯಾಸಭಾರತದ ವನಪರ್ವಕ್ಕೆ ಹಿಂತಿರುಗಬೇಕು. ಘೋಷಯಾತ್ರೆಯಲ್ಲಿ ಗಂಧರ್ವರಿಂದ ಸೆರೆಯಾಗಿ, ಪಾಂಡವರಿಂದಲೇ ಬಿಡುಗಡೆ ಪಡೆದ ಅವಮಾನ ತಾಳದೆ ದುರ್ಯೋಧನ ಪ್ರಾಯೋಪವೇಶಕ್ಕೆ ಕೂರುತ್ತಾನೆ. ಆಗ ಕೆಳಲೋಕದ ದಾನವರು ಹೋಮ ಮಾಡಿ ಕೃತ್ಯೆಯೊಬ್ಬಳನ್ನು ಎಬ್ಬಿಸಿ ಅವನನ್ನು ರಸಾತಳಕ್ಕೆ ತರಿಸಿಕೊಳ್ಳುತ್ತಾರೆ. ನಿನ್ನ ದೇಹದ ಮೇಲರ್ಧ ವಜ್ರದಿಂದಾದದ್ದು, ಕೆಳಗಿನರ್ಧವನ್ನು ದೇವಿ ಹೂವಿನಿಂದ ಮಾಡಿದಳು ಎಂದು ಧೈರ್ಯ ಹೇಳಿ ಕಳಿಸುತ್ತಾರೆ. ಎಚ್ಚೆತ್ತವನಿಗೆ ಅದೆಲ್ಲ ಕನಸಿನಂತೆ ತೋರುತ್ತದೆ. ಧೈರ್ಯದ ಮಾತಿನೊಳಗೇ ಮರಣದ ಜಾಗದ ಗುರುತೂ ಅಡಗಿತ್ತು. ಹೂವಿನ ತೊಡೆಗೆ ಗದೆ ಬೀಳಬೇಕಿತ್ತು. ಮುಂದಿನ ಕಥನ ಪರಂಪರೆ ಈ ಗುರುತನ್ನು ಉಳಿಸಿಕೊಂಡು ಅದರ ಮೂಲವನ್ನು ಬದಲಿಸಿತು. ಗಾಂಧಾರಿ ಕಣ್ಣುಪಟ್ಟಿ ಬಿಚ್ಚಿ ನೋಡಿದಾಗ ಬಟ್ಟೆ ಮುಚ್ಚಿದ್ದ ತೊಡೆ ಮಾತ್ರ ವಜ್ರವಾಗದೆ ಉಳಿಯಿತೆಂಬ, ಇಂದು ಎಲ್ಲರ ಬಾಯಲ್ಲಿರುವ ಕಥೆ ವ್ಯಾಸಭಾರತದಲ್ಲಿಲ್ಲ. ರಸಾತಳದ ದಾನವರಿದ್ದ ಜಾಗಕ್ಕೆ ಹೆತ್ತ ತಾಯಿ ಬಂದಳು. ಪಾತಾಳ ಮನೆಯೊಳಗೆ ಸೇರಿಕೊಂಡಿತು.

ಸರೋವರಕ್ಕೂ ಇಂಥದೇ ಹಿನ್ನೆಲೆಯಿದೆ. ಆದಿಪರ್ವದಲ್ಲಿ ಬಾಲಕ ದುರ್ಯೋಧನ ಭೀಮನಿಗೆ ವಿಷವಿಕ್ಕಿ ಗಂಗೆಗೆ ನೂಕುತ್ತಾನೆ. ಭೀಮ ಮುಳುಗುತ್ತ ಮುಳುಗುತ್ತ ನಾಗಲೋಕ ಸೇರುತ್ತಾನೆ. ಎಂಟು ಕುಂಡಗಳ ರಸ ಕುಡಿದು ಹತ್ತು ಸಾವಿರ ಆನೆಗಳ ಬಲ ಪಡೆದು ಮೇಲೆ ಬರುತ್ತಾನೆ. ಅಂದು ಭೀಮನನ್ನು ನೀರಿಗಿಳಿಸಿದವನು ಇಂದು ತಾನೇ ನೀರಿಗಿಳಿದಿದ್ದಾನೆ. ಅಂದು ನೀರಿನಿಂದ ಬಲ ತಂದವನು ಇಂದು ದಡದಲ್ಲಿ ನಿಂತು ಅವನನ್ನು ಮೇಲಕ್ಕೆ ಕರೆಯುತ್ತಿದ್ದಾನೆ. ಮೂಲದಲ್ಲಿ ಆ ಮಡುವಿನ ಹೆಸರು ದ್ವೈಪಾಯನ ಹ್ರದ. ಕನ್ನಡ ಕವಿಗಳಲ್ಲಿ ಅದು ವೈಶಂಪಾಯನ ಸರೋವರ. ಭೀಮನ ಗರ್ಜನೆ ಕೇಳಿ ದುರ್ಯೋಧನ ನೀರಿನೊಳಗಿದ್ದೂ ಬೆವರಿದನೆಂಬ ರನ್ನನ ಪದ್ಯವನ್ನು ಶಾಲೆಯಲ್ಲಿ ಕಲಿತವರೆಲ್ಲ ಬಲ್ಲರು. ಆ ಪದ್ಯದಲ್ಲಿ ಕವಿ ಅವನಿಗೆ ಬಳಸಿದ ಹೆಸರು ಉರಗಪತಾಕ, ಹಾವಿನ ಬಾವುಟದವನು. ನಾಗರ ನೆಲೆ ನೀರಿನ ಕೆಳಗಿದೆ ಎಂದು ನಂಬಿದ ನಾಡಿನಲ್ಲಿ ಈ ಹೆಸರು ಈ ಜಾಗಕ್ಕೆ ಛಂದಸ್ಸಿನ ಅನುಕೂಲಕ್ಕಾಗಿ ಮಾತ್ರ ಬಂದಿತೆಂದು ನಾನು ಒಪ್ಪಲಾರೆ.

ಅಜಿತಪುರಾಣದಲ್ಲಿ ರನ್ನ ಎರಡನೆಯ ತೀರ್ಥಂಕರನ ಚರಿತೆಯ ಜೊತೆಗೆ ಸಗರ ಚಕ್ರವರ್ತಿಯ ಕಥೆಯನ್ನೂ ಹೇಳಿದ್ದಾನೆ. ರಾಮಾಯಣದ ಸಗರಪುತ್ರರು ರಸಾತಳದವರೆಗೆ ಅಗೆದು ಕಪಿಲನ ಕೋಪಕ್ಕೆ ಬೂದಿಯಾಗುತ್ತಾರೆ. ಜೈನ ಪರಂಪರೆಯಲ್ಲಿ ನೆಲ ಅಗೆಯುವ ಕುಮಾರರಿಗೆ ಎದುರಾಗುವುದು ಹಾವು. ಅಗೆದವನು ಕೆಳಗಿನವರಿಗೆ ಲೆಕ್ಕ ಕೊಡಬೇಕು ಎಂಬ ಭಾವನೆ ಎರಡಕ್ಕೂ ಸಮಾನ. ಉತ್ತರ ಕರ್ನಾಟಕದ ‘ಕೆರೆಗೆ ಹಾರ’ ಹಾಡು ಇದೇ ಭಾವನೆಯ ಜನಪದ ರೂಪ. ಕಲ್ಲನಕೇರಿಯ ಮಲ್ಲನಗೌಡ ಕಟ್ಟಿಸಿದ ಕೆರೆಗೆ ನೀರು ಬೀಳದಿದ್ದಾಗ ಕಿರಿಸೊಸೆಯನ್ನು ಬಲಿಕೊಡುತ್ತಾರೆ. ಅವಳ ಹೆಸರು ಭಾಗೀರತಿ. ಪಾತಾಳದ ಬೂದಿಯ ಮೇಲೆ ಹರಿದ ಗಂಗೆಯ ಹೆಸರು. ದಂಡಿನಿಂದ ಮರಳಿದ ಗಂಡ ಮಾದೇವರಾಯ ಸುದ್ದಿ ತಿಳಿದು ಅದೇ ಕೆರೆಗೆ ಹಾರುತ್ತಾನೆ. ಸಾವಿತ್ರಿ ಯಮನೊಡನೆ ವಾದಿಸಿ ಗಂಡನನ್ನು ಗೆದ್ದಳು, ಆರ್ಫಿಯಸ್ ಹಾಡಿ ಹೆಂಡತಿಯನ್ನು ಬಾಗಿಲವರೆಗೆ ತಂದು ಕಳೆದುಕೊಂಡ. ಮಾದೇವರಾಯ ವಾದಿಸುವುದೂ ಇಲ್ಲ, ಹಾಡುವುದೂ ಇಲ್ಲ. ಕೆಳಗಿನವರ ಕಡೆಯಿಂದ ಮಾತು ಬರುವುದಿಲ್ಲವೆಂಬ ತಿಳಿವಳಿಕೆ ರನ್ನನದೂ ಹೌದು, ಈ ಹಾಡಿನದೂ ಹೌದು.

ನಾಗರಪಂಚಮಿಯಲ್ಲಿ ಜಮಖಂಡಿ, ಮುಧೋಳ, ರಬಕವಿ-ಬನಹಟ್ಟಿಯ ಹೆಣ್ಣುಮಕ್ಕಳು ಮನೆಮಂದಿಯ ಒಬ್ಬೊಬ್ಬರ ಹೆಸರು ಹಿಡಿದು ಪಾಲು ಹಾಕುತ್ತ ಹಾಲೆರೆಯುತ್ತಾರೆ. ಹುತ್ತ ಒಂದು ಬಾಗಿಲು. ಆಚೆಯವರಿಗೆ ಸಲ್ಲಬೇಕಾದದ್ದು ಸಲ್ಲುತ್ತದೆ. ಬೀಳಗಿ ತಾಲೂಕಿನಲ್ಲಿ ಆಲಮಟ್ಟಿಯ ಹಿನ್ನೀರು ಊರುಗಳನ್ನೇ ನುಂಗಿದ ಮೇಲೆ ‘ಮುಳುಗಡೆ’ ಎಂಬುದು ದಿನಬಳಕೆಯ ಮಾತಾಗಿದೆ. ಪುನರ್ವಸತಿ ಕೇಂದ್ರದಲ್ಲಿ ಕುಳಿತ ಹಿರಿಯರೊಬ್ಬರು ನೀರಿನ ಕಡೆ ಕೈ ತೋರಿಸಿ ಊರಿನ ಓಣಿ, ಗುಡಿ, ಬಾವಿಗಳನ್ನು ಹೇಳುತ್ತ ಹೋಗುವುದನ್ನು ಕೇಳಿದವರಿಗೆ ದುರ್ಯೋಧನನ ಸರೋವರ ಬರಿಯ ಕವಿಸಮಯವಾಗಿ ಉಳಿಯುವುದಿಲ್ಲ.

ಬರಹದ ಸಾಹಿತ್ಯದಲ್ಲಿ ರನ್ನನ ದಾರಿ ದೂರ ಹೋಗಿದೆ. ಕುಮಾರವ್ಯಾಸ ತನ್ನ ಭಾರತವನ್ನು ಗದಾಪರ್ವದಲ್ಲಿ ನಿಲ್ಲಿಸಿದ. ಕೊಳದೊಳಗಿನ ಕೌರವನ ಸನ್ನಿವೇಶ ಯಕ್ಷಗಾನದಲ್ಲಿ ಇಂದಿಗೂ ಆಡುತ್ತಿದೆ. ಬಿ.ಎಂ. ಶ್ರೀಕಂಠಯ್ಯನವರು 1926ರಲ್ಲಿ ರನ್ನನ ಪದ್ಯಗಳನ್ನೇ ಜೋಡಿಸಿ ‘ಗದಾಯುದ್ಧ ನಾಟಕಂ’ ರೂಪಿಸಿದರು. ಅವರ ಮುಂದಿನ ಆಯ್ಕೆಗಳು ಈ ಪ್ರಬಂಧಕ್ಕೆ ಮುಖ್ಯ. ‘ಅಶ್ವತ್ಥಾಮನ್’ಗೆ ಮಾದರಿ ಸಾಫೊಕ್ಲೀಸನ ‘ಏಜಾಕ್ಸ್’, ಹೇಡೀಸಿನಲ್ಲಿ ಮಾತಾಡದೆ ಹೋದ ಆ ವೀರನ ಕಥೆಯೇ. ‘ಪಾರಸಿಕರು’ ಈಸ್ಕಿಲಸನ ನಾಟಕದಿಂದ ಬಂದದ್ದು. ಅಲ್ಲಿ ಸತ್ತ ದೊರೆ ದಾರಿಯುಷ್ ಗೋರಿಯಿಂದೆದ್ದು ಮಗನ ಸೋಲಿಗೆ ಕಾರಣ ಹೇಳುತ್ತಾನೆ. ಮೌನದ ಹೆಣಗಳಿಂದ ಮಾತಾಡುವ ಪ್ರೇತದವರೆಗೆ ಶ್ರೀಯವರು ನಡೆದು ಬಂದ ದಾರಿಯನ್ನು ಗ್ರೀಕ್ ಪ್ರಭಾವ ಎಂದಷ್ಟೇ ಬರೆದು ಮುಗಿಸಲಾಗದು. ರನ್ನನಲ್ಲಿ ಕೇಳಿಸದ ಉತ್ತರವನ್ನು ಅವರು ಬೇರೆಡೆ ಹುಡುಕಿದರು ಎನಿಸುತ್ತದೆ. ಕುವೆಂಪು ಅವರ ‘ಸ್ಮಶಾನ ಕುರುಕ್ಷೇತ್ರಂ’ ಯುದ್ಧ ಮುಗಿದ ರಣಭೂಮಿಯನ್ನೇ ರಂಗಸ್ಥಳವಾಗಿಸಿತು. ಶೀರ್ಷಿಕೆಯಲ್ಲೇ ರನ್ನನ ನೆಲದ ಗುರುತಿದೆ.

ವ್ಯಾಸರಲ್ಲಿ ಸತ್ತವರು ಒಮ್ಮೆ ಮರಳುತ್ತಾರೆ. ಆಶ್ರಮವಾಸಿಕ ಪರ್ವದಲ್ಲಿ ಒಂದು ರಾತ್ರಿ ಭಾಗೀರಥಿಯ ನೀರಿನಿಂದ ಮಡಿದವರೆಲ್ಲ ಎದ್ದು ಬರುತ್ತಾರೆ. ದುರ್ಯೋಧನನೂ ಇದ್ದಾನೆ, ಲಕ್ಷಣಕುಮಾರನೂ ಇದ್ದಾನೆ. ಇರುಳು ಕಳೆದಾಗ ಮರಳಿ ನೀರಿಗೇ ಇಳಿಯುತ್ತಾರೆ, ವಿಧವೆಯರು ಅವರ ಹಿಂದೆ ನದಿಗಿಳಿಯುತ್ತಾರೆ. ರನ್ನನ ಕಾವ್ಯದಲ್ಲಿ ಅಂಥ ರಾತ್ರಿಯಿಲ್ಲ. ಅಲ್ಲಿ ಒಂದು ಬೊಗಸೆ ನೀರು ಕೊಡಬೇಕಾಗಿದ್ದ ಮಗ ಕೆಸರಿನಲ್ಲಿ ಬಿದ್ದಿದ್ದಾನೆ. ಕೊಡಿಸಿಕೊಳ್ಳಬೇಕಾಗಿದ್ದ ತಂದೆ ಅವನನ್ನು ದಾಟಿ, ಮಂತ್ರ ಜಪಿಸುತ್ತ, ತಾನೇ ಕೊಳದ ನೀರಿಗೆ ಇಳಿಯುತ್ತಾನೆ.