ಮ್ಯಾರಥಾನ್ ಓಟದ ಸಿದ್ಧತೆ: ಅಭ್ಯಾಸ, ಆಹಾರ, ನೀರು ಮತ್ತು ವಿಶ್ರಾಂತಿ

2004ರಲ್ಲಿ ಮುಂಬಯಿ ಮ್ಯಾರಥಾನ್ ಆರಂಭವಾದಂದಿನಿಂದ ದೀರ್ಘ ಓಟವು ವೃತ್ತಿಪರ ಕ್ರೀಡಾಪಟುಗಳಿಗೆ ಮಾತ್ರ ಸೀಮಿತವಾಗಿ ಉಳಿದಿಲ್ಲ. ಬ್ಯಾಂಕ್ ನೌಕರರು, ಹೋಟೆಲ್ ಉದ್ಯಮಿಗಳು, ಗೃಹಿಣಿಯರು, ನಿವೃತ್ತರು ಹೀಗೆ ಎಲ್ಲ ವರ್ಗದವರೂ ಸಾಮಾನ್ಯವಾಗಿ ಜನವರಿ ತಿಂಗಳ ಮೂರನೆಯ ರವಿವಾರದಂದು ನಡೆಯುವ ಈ ಓಟದಲ್ಲಿ ಪಾಲ್ಗೊಳ್ಳುತ್ತಾರೆ. ಮಹಾನಗರದ ಕನ್ನಡಿಗರೂ ಇದಕ್ಕೆ ಹೊರತಲ್ಲ. ಈ ಉತ್ಸಾಹ ಅಭಿನಂದನೀಯ. ಆದರೆ 42.195 ಕಿಲೋಮೀಟರ್ ಉತ್ಸಾಹವೊಂದರಿಂದಲೇ ಕ್ರಮಿಸುವ ದೂರವಲ್ಲ. ಈ ಓಟದಲ್ಲಿ ಕೊರತೆಯಷ್ಟೇ ಅತಿಯೂ ಅಪಾಯಕಾರಿ. ಆದುದರಿಂದ ಅಭ್ಯಾಸ, ಆಹಾರ, ನೀರು, ವಿಶ್ರಾಂತಿ ಈ ನಾಲ್ಕರ ಪ್ರಮಾಣವನ್ನು ಓಟಗಾರರು ಅರಿತಿರಬೇಕೆಂಬ ಉದ್ದೇಶದಿಂದ ಮುಖ್ಯ ವಿಷಯಗಳನ್ನು ಇಲ್ಲಿ ಸಂಗ್ರಹಿಸಿ ಕೊಡುತ್ತಿದ್ದೇವೆ.

ಅಭ್ಯಾಸ

ಈಗಾಗಲೇ ವಾರಕ್ಕೆ ಮೂರು ನಾಲ್ಕು ದಿನ ಓಡುವ ರೂಢಿಯುಳ್ಳವರಿಗೆ ಪೂರ್ಣ ಮ್ಯಾರಥಾನಿನ ಸಿದ್ಧತೆಗೆ 16ರಿಂದ 20 ವಾರಗಳು ಬೇಕು. ಜನವರಿಯ ಓಟಕ್ಕೆ ಆಗಸ್ಟ್ ಅಂತ್ಯ ಅಥವಾ ಸೆಪ್ಟೆಂಬರ್ ಆರಂಭದಲ್ಲೇ ಅಭ್ಯಾಸ ಶುರುವಾಗಬೇಕೆಂದು ಇದರ ಅರ್ಥ. ಹೊಸಬರು ನೇರವಾಗಿ ಪೂರ್ಣ ದೂರಕ್ಕೆ ಕೈಹಾಕದೆ ಮೊದಲ ವರ್ಷ 10 ಕಿಲೋಮೀಟರ್, ಬಳಿಕ ಅರ್ಧ ಮ್ಯಾರಥಾನ್ ಮುಗಿಸಿ ಮುಂದುವರಿಯುವುದು ಲೇಸು. ಬೆಂಗಳೂರಿನಲ್ಲಿ 2008ರಲ್ಲಿ ಆರಂಭವಾದ ವಿಶ್ವ 10 ಕಿ.ಮೀ. ಓಟ ಇಂತಹ ಮೊದಲ ಮೆಟ್ಟಿಲಿಗೆ ಒಳ್ಳೆಯ ಉದಾಹರಣೆ.

ಹೆಚ್ಚಿನವರು ನಿಧಾನವಾಗಿ ಓಡಬೇಕಾದ ದಿನವೂ ವೇಗವಾಗಿ ಓಡುತ್ತಾರೆ. ವಾರದ ಓಟದಲ್ಲಿ ಸುಮಾರು ಶೇ. 80 ಭಾಗ ಜೊತೆಗಾರರೊಡನೆ ಪೂರ್ಣ ವಾಕ್ಯಗಳಲ್ಲಿ ಮಾತಾಡಲು ಸಾಧ್ಯವಾಗುವಷ್ಟು ನಿಧಾನವಾಗಿರಬೇಕು. ಹೀಗೆ ಓಡಿದಾಗ ಹೃದಯ ಒಂದು ಬಡಿತಕ್ಕೆ ಹೆಚ್ಚು ರಕ್ತವನ್ನು ತಳ್ಳಲು ಕಲಿಯುತ್ತದೆ, ಸ್ನಾಯುಗಳು ಕೊಬ್ಬನ್ನು ಇಂಧನವಾಗಿ ಬಳಸಲು ಕಲಿಯುತ್ತವೆ. ವಾರಕ್ಕೊಮ್ಮೆ ದೀರ್ಘ ಓಟವಿರಲಿ. ಅದನ್ನು ಹಂತಹಂತವಾಗಿ 30ರಿಂದ 32 ಕಿಲೋಮೀಟರ್ ತನಕ ಏರಿಸಿದರೆ ಸಾಕು. ಮೂರು ವಾರ ಏರಿಸಿ, ನಾಲ್ಕನೆಯ ವಾರ ಇಳಿಸುವ ಕ್ರಮ ಒಳ್ಳೆಯದು. ಸ್ನಾಯುಗಳು ಕೆಲವೇ ವಾರಗಳಲ್ಲಿ ಬಲಗೊಂಡರೂ ಮೂಳೆ ಮತ್ತು ಸ್ನಾಯುರಜ್ಜುಗಳಿಗೆ ತಿಂಗಳುಗಳು ಬೇಕು. ಮೂರನೆಯ ತಿಂಗಳಲ್ಲಿ ಅನೇಕರಿಗೆ ಕಣಕಾಲು, ಹಿಮ್ಮಡಿಯ ನೋವು ಬರಲು ಈ ಅಂತರವೂ ಒಂದು ಕಾರಣ. ಕೊನೆಯ ಎರಡು ಮೂರು ವಾರಗಳಲ್ಲಿ ಓಟದ ದೂರವನ್ನು ಅರ್ಧದಷ್ಟಕ್ಕೆ ಇಳಿಸಬೇಕು. ತಪ್ಪಿದ ಅಭ್ಯಾಸವನ್ನು ಈ ಅವಧಿಯಲ್ಲಿ ತುಂಬಲು ಹೊರಟವರು ದಣಿದ ಕಾಲುಗಳೊಂದಿಗೇ ಓಟಕ್ಕೆ ನಿಲ್ಲುತ್ತಾರೆ.

ಆಹಾರ

ಓಡುವಾಗ ದೇಹತೂಕದ ಪ್ರತಿ ಕಿಲೋಗೆ, ಪ್ರತಿ ಕಿಲೋಮೀಟರಿಗೆ ಸುಮಾರು 1 ಕಿಲೋಕ್ಯಾಲೊರಿ ಶಕ್ತಿ ವ್ಯಯವಾಗುತ್ತದೆ. ಎಂದರೆ 65 ಕಿಲೋ ತೂಕದವರಿಗೆ ಇಡೀ ಮ್ಯಾರಥಾನಿಗೆ ಸುಮಾರು 2,700 ಕಿಲೋಕ್ಯಾಲೊರಿ ಬೇಕು. ಸ್ನಾಯು ಮತ್ತು ಯಕೃತ್ತಿನಲ್ಲಿ ಗ್ಲೈಕೋಜನ್ ರೂಪದಲ್ಲಿ ಸಂಗ್ರಹವಾಗಿರುವ ಶಕ್ತಿಯಾದರೋ ಸುಮಾರು 2,000 ಕಿಲೋಕ್ಯಾಲೊರಿ ಮಾತ್ರ. ಆರಂಭದಲ್ಲಿ ವೇಗವಾಗಿ ಓಡಿದಷ್ಟೂ ಈ ಸಂಗ್ರಹ ಬೇಗ ಬರಿದಾಗುತ್ತದೆ. 30 ಕಿಲೋಮೀಟರ್ ದಾಟುತ್ತಲೇ ಕಾಲು ಕಲ್ಲಿನಂತಾಗಿ ತಲೆ ಮಂಕಾಗುವುದಕ್ಕೆ ಇದೇ ಮುಖ್ಯ ಕಾರಣ.

ಇದಕ್ಕೆ ಪರಿಹಾರ ಮೂರು ಹಂತದಲ್ಲಿದೆ. ಓಟಕ್ಕೆ ಮೊದಲಿನ ಒಂದೂವರೆ ಎರಡು ದಿನ ಅನ್ನ, ಇಡ್ಲಿ, ಅವಲಕ್ಕಿ, ಆಲೂಗಡ್ಡೆಯಂತಹ ಪಿಷ್ಟಪ್ರಧಾನ ಆಹಾರ ಹೆಚ್ಚಿರಲಿ. ಎಣ್ಣೆ, ನಾರು, ಖಾರ ಕಡಿಮೆಯಿರಲಿ. ಓಟದ ದಿನ ಎರಡು ಮೂರು ಗಂಟೆ ಮೊದಲು ಲಘು ಉಪಾಹಾರ ಸೇವಿಸಬೇಕು. ಓಡುವಾಗ ಮೊದಲ ಅರ್ಧ ಗಂಟೆಯ ಬಳಿಕ ಗಂಟೆಗೆ 30ರಿಂದ 60 ಗ್ರಾಂ ಕಾರ್ಬೋಹೈಡ್ರೇಟ್ ದೇಹಕ್ಕೆ ಸಿಗಬೇಕು. ಮಧ್ಯಮ ಗಾತ್ರದ ಒಂದು ಬಾಳೆಹಣ್ಣಿನಲ್ಲಿ ಸುಮಾರು 25 ಗ್ರಾಂ ಇರುತ್ತದೆ. ಅಂಗಡಿಯಲ್ಲಿ ಸಿಗುವ ಜೆಲ್ ಆಗಲಿ, ಖರ್ಜೂರವಾಗಲಿ, ಅಭ್ಯಾಸದ ದೀರ್ಘ ಓಟದಲ್ಲಿ ಪರೀಕ್ಷಿಸದ ಯಾವುದನ್ನೂ ಓಟದ ದಿನ ಬಾಯಿಗೆ ಹಾಕಬಾರದು.

ಮಹಿಳೆಯರ ಗಮನಕ್ಕೆ ಒಂದು ಮಾತು. ಓಟಕ್ಕೆ ತಕ್ಕ ಆಹಾರವಿಲ್ಲದೆ ಮುಟ್ಟು ನಿಂತರೆ ಅದನ್ನು ಅಭ್ಯಾಸದ ಸಹಜ ಪರಿಣಾಮವೆಂದು ಭಾವಿಸಬಾರದು. ಅದು ಮೂಳೆಗಳ ಸವೆತದ ಮುನ್ಸೂಚನೆಯಾಗಿರಬಹುದು, ವೈದ್ಯರನ್ನು ಕಾಣಬೇಕು. ಕಾರಣವಿಲ್ಲದ ಆಯಾಸ ಕಾಡಿದರೆ ಹಿಮೋಗ್ಲೋಬಿನ್ ಮತ್ತು ಕಬ್ಬಿಣಾಂಶದ ತಪಾಸಣೆಯೂ ಅಗತ್ಯ.

ನೀರು ಮತ್ತು ಉಪ್ಪು

ಬೆವರು ಆರಿದಾಗ ಮಾತ್ರ ದೇಹ ತಂಪಾಗುತ್ತದೆ. ಮುಂಬಯಿಯ ತೇವಭರಿತ ಗಾಳಿಯಲ್ಲಿ ಬೆವರು ಆರುವುದಿಲ್ಲ, ಸೋರುತ್ತದೆ. ಬೆಂಗಳೂರು, ಪುಣೆಗಳ ಹವೆಯಲ್ಲಿ ಅಭ್ಯಾಸ ಮಾಡಿದವರು ಇಲ್ಲಿ ಅದೇ ವೇಗವನ್ನು ನಿರೀಕ್ಷಿಸಬಾರದು. ಸೆಕೆಗೆ ದೇಹ ಒಗ್ಗಿಕೊಳ್ಳಲು 10ರಿಂದ 14 ದಿನ ಬೇಕು.

ತನಗೆಷ್ಟು ನೀರು ಬೇಕೆಂದು ತಿಳಿಯಲು ಸುಲಭ ವಿಧಾನವಿದೆ. ಒಂದು ಗಂಟೆಯ ಓಟಕ್ಕೆ ಮೊದಲು ಮತ್ತು ನಂತರ ಮೈಯೊರೆಸಿಕೊಂಡು ತೂಕ ನೋಡಬೇಕು. ನಡುವೆ ಏನನ್ನೂ ಕುಡಿಯದಿದ್ದರೆ, ಇಳಿದ ಪ್ರತಿ ಕಿಲೋ ಸುಮಾರು 1 ಲೀಟರ್ ಬೆವರಿಗೆ ಸಮ. ಇಳಿದಷ್ಟನ್ನೂ ಓಡುತ್ತಲೇ ತುಂಬಬೇಕಾಗಿಲ್ಲ. ದೇಹತೂಕದ ಶೇ. 2ಕ್ಕಿಂತ ಹೆಚ್ಚು ಇಳಿಯದಂತೆ ಬಾಯಾರಿಕೆಗನುಗುಣವಾಗಿ ಕುಡಿದರೆ ಸಾಕು.

ಓಟದ ಕೊನೆಯಲ್ಲಿ ತೂಕ ಹೆಚ್ಚಿದ್ದರೆ ಅದು ಅಪಾಯದ ಚಿಹ್ನೆ. 2002ರ ಬೋಸ್ಟನ್ ಮ್ಯಾರಥಾನಿನಲ್ಲಿ 488 ಓಟಗಾರರ ರಕ್ತವನ್ನು ಪರೀಕ್ಷಿಸಿದಾಗ ಶೇ. 13ರಷ್ಟು ಮಂದಿಯಲ್ಲಿ ಸೋಡಿಯಂ ಸಹಜ ಮಟ್ಟಕ್ಕಿಂತ ಕೆಳಗಿಳಿದಿತ್ತು. ಓಡುವಾಗ ತೂಕ ಹೆಚ್ಚಿಸಿಕೊಂಡವರಲ್ಲೂ, ನಾಲ್ಕು ಗಂಟೆಗಿಂತ ಹೆಚ್ಚು ಕಾಲ ತೆಗೆದುಕೊಂಡವರಲ್ಲೂ ಇದು ಅಧಿಕವಾಗಿತ್ತೆಂದು 2005ರಲ್ಲಿ ಪ್ರಕಟವಾದ ಆ ಅಧ್ಯಯನ ತಿಳಿಸಿತು. ಅತಿಯಾಗಿ ಕುಡಿದ ನೀರು ರಕ್ತದ ಸೋಡಿಯಂ ಸಾಂದ್ರತೆಯನ್ನು ಇಳಿಸುತ್ತದೆ. ತೀವ್ರವಾದಾಗ ಮೆದುಳು ಊದಿಕೊಂಡು ಪ್ರಾಣಕ್ಕೂ ಕುತ್ತು ಬರಬಹುದು. ಆದುದರಿಂದ ನಿಧಾನವಾಗಿ ಓಡುವವರು ದಾರಿಯಲ್ಲಿ ಸಿಗುವ ಪ್ರತಿ ನೀರಿನ ಕಟ್ಟೆಯಲ್ಲೂ ಬಾಟಲಿ ಬರಿದು ಮಾಡುವ ಅಗತ್ಯವಿಲ್ಲ. ದೀರ್ಘ ಓಟದಲ್ಲಿ ಬರಿಯ ನೀರಿನೊಡನೆ ಓಆರ್‌ಎಸ್ ಅಥವಾ ಉಪ್ಪು ಸಕ್ಕರೆ ಬೆರೆತ ಪಾನೀಯವೂ ಇರಲಿ. ಆದರೆ ಉಪ್ಪು ಬೆರೆತಿದೆಯೆಂದು ಅತಿಯಾಗಿ ಕುಡಿದರೆ ಅದೂ ರಕ್ಷಿಸದು.

ಅಪಾಯದ ಚಿಹ್ನೆಗಳು

ಎದೆನೋವು, ತಲೆಸುತ್ತು, ಅಸಹಜ ಉಸಿರಾಟ ಕಂಡರೆ ಕೂಡಲೇ ಓಟ ನಿಲ್ಲಿಸಿ ವೈದ್ಯಕೀಯ ನೆರವು ಪಡೆಯಬೇಕು. ಜೊತೆಗಾರರು ತೊದಲಿದರೆ, ದಿಕ್ಕು ತಪ್ಪಿದವರಂತೆ ವರ್ತಿಸಿದರೆ ಅದು ಬರಿಯ ದಣಿವೆಂದು ತಿಳಿಯಬಾರದು. ಮೈ ಸುಡುತ್ತಿದ್ದರೆ ಉಷ್ಣಾಘಾತವಿರಬಹುದು. ಆಗ ಸಹಾಯಕ್ಕೆ ಕರೆದು, ಆಂಬುಲೆನ್ಸ್ ಬರುವ ತನಕ ಕಾಯದೆ ತಣ್ಣೀರು, ಮಂಜುಗಡ್ಡೆಗಳಿಂದ ಮೈಯನ್ನು ತಂಪು ಮಾಡಲಾರಂಭಿಸಬೇಕು. ವಾಂತಿ, ತಲೆನೋವು, ಬೆರಳುಗಳ ಊತ ಇದ್ದರೆ ಸೋಡಿಯಂ ಇಳಿದಿರಬಹುದು. ಒತ್ತಾಯದಿಂದ ನೀರು ಕುಡಿಸಕೂಡದು. ಐಬುಪ್ರೊಫೆನ್, ಡೈಕ್ಲೋಫೆನಾಕ್‌ನಂತಹ ನೋವಿನ ಮಾತ್ರೆ ನುಂಗಿ ಓಡುವುದರಿಂದ ಮೂತ್ರಪಿಂಡಕ್ಕೆ ಹಾನಿಯಾಗುವ ಸಂಭವವಿದೆ. ಜ್ವರವಿದ್ದಾಗ ಓಡಲೇಬಾರದು. 40 ದಾಟಿದವರು, ಮಧುಮೇಹ ಮತ್ತು ರಕ್ತದೊತ್ತಡ ಉಳ್ಳವರು, ಮನೆತನದಲ್ಲಿ ಹೃದ್ರೋಗವಿರುವವರು ಅಭ್ಯಾಸ ಆರಂಭಿಸುವ ಮೊದಲೇ ವೈದ್ಯರ ಸಲಹೆ ಪಡೆಯಬೇಕು.

ವಿಶ್ರಾಂತಿ

ಓಟ ಮುಗಿದೊಡನೆ ಕುಳಿತುಬಿಡದೆ ಹತ್ತು ನಿಮಿಷ ನಡೆಯಬೇಕು. ಒಂದೆರಡು ಗಂಟೆಯೊಳಗೆ ಪಿಷ್ಟದ ಜೊತೆಗೆ 20ರಿಂದ 25 ಗ್ರಾಂ ಪ್ರೋಟೀನು ಸೇರಿದ ಊಟ ಬೇಕು. ಇದಕ್ಕೆ ದುಬಾರಿ ಪುಡಿಗಳ ಅಗತ್ಯವಿಲ್ಲ. ನಮ್ಮ ಕರಾವಳಿಯ ಕುಚ್ಚಲಕ್ಕಿ ಗಂಜಿ, ಉಪ್ಪಿನಕಾಯಿ, ಹೆಸರುಕಾಳಿನ ಪಲ್ಯ, ಮೀನು ಅಥವಾ ಮೊಟ್ಟೆ ಸೇರಿದರೆ ನೀರು, ಉಪ್ಪು, ಪಿಷ್ಟ, ಪ್ರೋಟೀನು ನಾಲ್ಕೂ ಒದಗುತ್ತವೆ. ಪುನರ್ಪುಳಿ ಶರಬತ್ತಿಗೆ ಚಿಟಿಕೆ ಉಪ್ಪು ಹಾಕಿದರೆ ಒಳ್ಳೆಯ ಪಾನೀಯವಾಗುತ್ತದೆ. ಸಸ್ಯಾಹಾರಿಗಳು ಕಾಳಿನ ಜೊತೆಗೆ ಪನೀರ್, ಮೊಸರು ಸೇರಿಸಿಕೊಳ್ಳಬಹುದು.

ಎಲ್ಲಕ್ಕಿಂತ ಮುಖ್ಯವಾದುದು ನಿದ್ರೆ. ಲೋಕಲ್ ರೈಲಿನ ಎರಡು ಮೂರು ಗಂಟೆಯ ಪ್ರಯಾಣ, ಕಚೇರಿಯ ದುಡಿಮೆ, ಅದರ ಮೇಲೆ ನಸುಕಿನ ಓಟ ಎಂಬ ದಿನಚರಿಯಲ್ಲಿ ಮೊದಲು ಕೊರತೆ ಬೀಳುವುದು ನಿದ್ರೆಗೇ. ಶನಿವಾರ ರಾತ್ರಿ ಬೆಳಗಿನ ತನಕ ಯಕ್ಷಗಾನ ನೋಡಿ ರವಿವಾರ 30 ಕಿಲೋಮೀಟರ್ ಓಡಲು ಹೊರಡುವುದು ಸಲ್ಲದು. ಅಂತಹ ವಾರ ದೀರ್ಘ ಓಟವನ್ನು ಮುಂದೂಡುವುದೇ ಸರಿ. ಮ್ಯಾರಥಾನಿನ ಬಳಿಕ ಮೊದಲ ವಾರ ನಡಿಗೆ ಮಾತ್ರ ಸಾಕು, ಎರಡನೆಯ ವಾರ ಲಘು ಓಟ ಆರಂಭಿಸಬಹುದು. ನೋವು ಮಾಯವಾದ ಮೇಲೂ ಸ್ನಾಯುಗಳ ಒಳಗಿನ ದುರಸ್ತಿ ನಡೆಯುತ್ತಿರುತ್ತದೆ.

ಈ ವರ್ಷ ಓಡಲಾಗದಿದ್ದರೆ ಮುಂದಿನ ಜನವರಿ ಇದ್ದೇ ಇದೆ. ಓಟಗಾರ ಬಂಧುಗಳು ತಮ್ಮ ದೇಹದ ಮಿತಿಯನ್ನರಿತು ಸಿದ್ಧರಾಗಲಿ, ಕ್ಷೇಮವಾಗಿ ಗುರಿ ತಲುಪಲಿ ಎಂದು ಹಾರೈಸುತ್ತೇವೆ.